ಮರ್ಟಲ್ ಬೀಚಿನಲ್ಲಿ ನಮ್ಮಂಥವರಿಗೆ ಸ್ವಾಗತ ಉಂಟೇ?

ಪ್ರಶ್ನೆ: ನಾವು ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿದ್ದೇವೆ. ಜುಲೈಯಲ್ಲಿ ದಾವಣಗೆರೆಯಿಂದ ಅತ್ತೆ ಮಾವ ಬರುತ್ತಿದ್ದಾರೆ. ಅವರನ್ನೂ ಮಕ್ಕಳನ್ನೂ ಕರೆದುಕೊಂಡು, ಭಟ್ಕಳ ಮೂಲದ ಗೆಳತಿಯ ಕುಟುಂಬದ ಜೊತೆ ನಾಲ್ಕು ದಿನ ಸೌತ್ ಕೆರೊಲೈನಾದ ಮರ್ಟಲ್ ಬೀಚಿಗೆ ಹೋಗುವ ಯೋಚನೆಯಿದೆ. ಅತ್ತೆ ಉಡುವುದು ಸೀರೆಯನ್ನೇ. ಗೆಳತಿ ಹಿಜಾಬ್ ಧರಿಸುತ್ತಾಳೆ. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕಪ್ಪು ವರ್ಣದ ಹಿರಿಯರೊಬ್ಬರು “ನಮ್ಮ ಮನೆಯವರು ಅಲ್ಲಿಗೆ ಹೋಗುವುದಿಲ್ಲ” ಎಂದರು. ನಮ್ಮ ಕನ್ನಡ ಸಂಘದವರು “ಪ್ರತಿ ವರ್ಷ ಹೋಗುತ್ತೇವೆ, ಏನೂ ತೊಂದರೆಯಿಲ್ಲ” ಎನ್ನುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಇಬ್ಬರನ್ನೂ ನಂಬಬಹುದು. ಅವರಿಬ್ಬರೂ ತಮ್ಮ ತಮ್ಮ ಅನುಭವವನ್ನೇ ಹೇಳಿದ್ದಾರೆ, ಮತ್ತು ಆ ಎರಡೂ ಅನುಭವಗಳು ಒಂದೇ ಮರಳಿನ ಮೇಲೆ ನಡೆದಿವೆ. ಪ್ರವಾಸೋದ್ಯಮದ ಇತಿಹಾಸವನ್ನು ಕಲಿಸುವವನಾಗಿ, ಈ ಕರಾವಳಿಗೆ ಇಪ್ಪತ್ತು ವರ್ಷಗಳಿಂದ ಸಂಸಾರ ಸಮೇತ ಹೋಗಿಬರುವವನಾಗಿ ಮೊದಲೇ ಹೇಳಿಬಿಡುತ್ತೇನೆ: ಹೋಗಿ ಬನ್ನಿ, ಅತ್ತೆ ಮಾವನವರಿಗೆ ಅಟ್ಲಾಂಟಿಕ್ ಸಾಗರ ತೋರಿಸಿ. ಆದರೆ ನಿಮ್ಮ ಸಹೋದ್ಯೋಗಿ ಏಕೆ ಹಾಗೆಂದರು ಎಂಬುದನ್ನು ತಿಳಿದುಕೊಂಡು ಹೋದರೆ, ಅಲ್ಲಿ ಕಾಣುವುದನ್ನು ಸರಿಯಾಗಿ ಓದಲು ಬರುತ್ತದೆ. ಇಲ್ಲದ ಕಡೆ ಅವಮಾನ ಕಾಣುವುದೂ, ಇರುವ ಕಡೆ ಕಾಣದೆ ಹೋಗುವುದೂ ತಪ್ಪುತ್ತದೆ.

ಮರ್ಟಲ್ ಬೀಚ್ 2020ರ ಜನಗಣತಿಯಲ್ಲಿ ಮೂವತ್ತೈದು ಸಾವಿರ ಚಿಲ್ಲರೆ ಜನಸಂಖ್ಯೆಯಿದ್ದ ಪಟ್ಟಣ. ಅದರ ಸುತ್ತ ಸುಮಾರು 60 ಮೈಲಿ ಉದ್ದಕ್ಕೆ ಹಬ್ಬಿರುವ ಕಡಲಂಚಿಗೆ ಗ್ರಾಂಡ್ ಸ್ಟ್ರಾಂಡ್ ಎಂದು ಹೆಸರು, ಅಲ್ಲಿಗೆ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಜನ ಬರುತ್ತಾರೆ. ಇಷ್ಟು ಜನರನ್ನು ನೆಚ್ಚಿ ಬದುಕುವ ಊರು ಬಂದವರ ಮುಖ ನೋಡಿ ಬಾಗಿಲು ಹಾಕಿಕೊಳ್ಳುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 1960ರ ದಶಕದ ನಡುವಿನವರೆಗೆ ಈ ಊರು ಬಾಗಿಲು ಹಾಕಿಕೊಂಡೇ ಚೆನ್ನಾಗಿ ಬದುಕಿತು. ಇಲ್ಲಿನ ಹೋಟೆಲುಗಳಲ್ಲಿ ಹಾಸಿಗೆ ಹಾಸಿದ, ಅಡುಗೆ ಮಾಡಿದ ಕಪ್ಪು ವರ್ಣೀಯರು ಕೆಲಸ ಮುಗಿದ ಮೇಲೆ ಅದೇ ಹೋಟೆಲಿನ ಎದುರಿನ ನೀರಿಗೆ ಇಳಿಯುವಂತಿರಲಿಲ್ಲ.

ಅವರಿಗೆಂದು ಇದ್ದದ್ದು ಅಟ್ಲಾಂಟಿಕ್ ಬೀಚ್. 1934ರಲ್ಲಿ ಜಾರ್ಜ್ ಟೈಸನ್ ಎಂಬ ಕಪ್ಪು ವರ್ಣದ ಉದ್ಯಮಿ ಜಮೀನು ಕೊಂಡು ಕಟ್ಟಿದ ನಾಲ್ಕೇ ಬೀದಿಗಳ ಆ ಕಡಲೂರನ್ನು ಜನ ‘ಕಪ್ಪು ಮುತ್ತು’ ಎಂದು ಕರೆದರು. ಕೆರೊಲೈನಾಗಳ ಉದ್ದಗಲದಿಂದ, ವರ್ಜೀನಿಯಾ, ಜಾರ್ಜಿಯಾಗಳಿಂದಲೂ ಬಸ್ಸುಗಳಲ್ಲಿ ಸಂಸಾರಗಳು ಬರುತ್ತಿದ್ದವು. ಅಕ್ಕಪಕ್ಕದ ಬಿಳಿಯರ ಬೀಚುಗಳಿಂದ ಆ ತುಂಡನ್ನು ಬೇರ್ಪಡಿಸಲು ಸಮುದ್ರದೊಳಗೇ ಹಗ್ಗ ಎಳೆದಿದ್ದರಂತೆ. ಹಗ್ಗದ ಈಚೆಗೊಂದು ಅಲೆ, ಆಚೆಗೊಂದು ಅಲೆ! ನಮ್ಮ ಹಳ್ಳಿಗಳ ಬಾವಿಕಟ್ಟೆಗಳನ್ನು ನೆನಪಿಟ್ಟಿರುವ ಕನ್ನಡದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪಟ್ಟಣದ ಒಳಗೆ, ಕಾರ್ವರ್ ಸ್ಟ್ರೀಟಿನಲ್ಲಿ, ಕಪ್ಪು ವರ್ಣದ ಚಾರ್ಲಿ ಫಿಟ್ಜೆರಾಲ್ಡ್ ನಡೆಸುತ್ತಿದ್ದ ‘ಚಾರ್ಲೀಸ್ ಪ್ಲೇಸ್’ ಎಂಬ ಕುಣಿತದ ಮನೆಯಿತ್ತು. ಅಲ್ಲಿನ ಸಂಗೀತ ಕೇಳಲು ಬಿಳಿಯ ಹುಡುಗ ಹುಡುಗಿಯರೂ ಬಂದು ಕಪ್ಪು ಜನರ ನಡುವೆ ಕೂರುತ್ತಿದ್ದರು ಎಂಬುದೇ ಅಪರಾಧವಾಯಿತು. 1950ರ ಆಗಸ್ಟ್ 26ರ ರಾತ್ರಿ ಬಿಳಿಯರ ವರ್ಣದ್ವೇಷದ ಗುಪ್ತ ಸಂಘಟನೆಯಾದ ಕೂ ಕ್ಲಕ್ಸ್ ಕ್ಲಾನಿನವರು ಕಾರುಗಳ ಸಾಲಿನಲ್ಲಿ ಬಂದು, ನೂರಾರು ಗುಂಡು ಹಾರಿಸಿ, ಚಾರ್ಲಿಯನ್ನು ಎತ್ತಿಕೊಂಡು ಹೋಗಿ ಹೊಡೆದರು. ಆ ಗಲಾಟೆಯಲ್ಲಿ ಕ್ಲಾನಿನವನೊಬ್ಬ ಸತ್ತ. ಅವನ ನಿಲುವಂಗಿ ಬಿಚ್ಚಿ ನೋಡಿದರೆ ಒಳಗೆ ಪೊಲೀಸ್ ಸಮವಸ್ತ್ರ. ದಾಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ನಿಮ್ಮ ಸಹೋದ್ಯೋಗಿಯ ಮನೆಯಲ್ಲಿ ಈ ಕಥೆಯನ್ನು ಅಜ್ಜಿಯೋ ಅಜ್ಜನೋ ಹೇಳಿರಬಹುದು. ನಾವು ಅದನ್ನು ಪುಸ್ತಕದಲ್ಲಿ ಓದುತ್ತೇವೆ. ನೀವು ಕೇಳಿದ ಎರಡು ಉತ್ತರಗಳ ನಡುವಿನ ದೂರದ ಒಂದು ಪಾಲು ಇಲ್ಲೇ ಇದೆ.

ಇನ್ನೊಂದು ಸಂಗತಿ ನನಗೆ ಇವತ್ತಿಗೂ ವಿಚಿತ್ರವಾಗಿ ಕಾಣುತ್ತದೆ. 1963ರಲ್ಲಿ ಸೌತ್ ಕೆರೊಲೈನಾದ ರಾಜ್ಯ ಉದ್ಯಾನಗಳನ್ನು ಎಲ್ಲ ವರ್ಣದವರಿಗೂ ತೆರೆಯಬೇಕೆಂದು ನ್ಯಾಯಾಲಯ ಹೇಳಿದಾಗ, ರಾಜ್ಯ ಸರ್ಕಾರವು ಉದ್ಯಾನಗಳನ್ನೇ ಮುಚ್ಚಿಬಿಟ್ಟಿತು. ಅವು ಪೂರ್ತಿಯಾಗಿ ತೆರೆದದ್ದು 1966ರಲ್ಲಿ. ಊರಿನ ದಕ್ಷಿಣ ತುದಿಯ ಮರ್ಟಲ್ ಬೀಚ್ ಸ್ಟೇಟ್ ಪಾರ್ಕ್ ಆ ರಾಜ್ಯದಲ್ಲಿ ಮೊಟ್ಟಮೊದಲು, 1936ರಲ್ಲಿ, ಜನರಿಗೆ ತೆರೆದ ಉದ್ಯಾನ. ಅದಕ್ಕೂ ಬೀಗ ಬಿದ್ದಿತ್ತು. ಇಂದು ಅಲ್ಲಿ ಮರದ ನೆರಳಿದೆ, ಊಟಕ್ಕೆ ಚಾವಣಿಯ ಕಟ್ಟೆಗಳಿವೆ, ಸಮುದ್ರದೊಳಕ್ಕೆ ಚಾಚಿದ ಮರದ ಸೇತುವೆಯಿದೆ, ಗದ್ದಲ ಕಡಿಮೆ. ನಿಮ್ಮ ಅತ್ತೆ ಮಾವನವರನ್ನು ಮೊದಲ ದಿನ ಕರೆದುಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಸೂಚಿಸಲಾರೆ.

ಅಮೆರಿಕದ ದಕ್ಷಿಣ ರಾಜ್ಯಗಳ ಬೀಚುಗಳ ಬಾಗಿಲು ತಾನಾಗಿ ತೆರೆಯಲಿಲ್ಲ. ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಗಿಲ್ಬರ್ಟ್ ಮೇಸನ್ ಎಂಬ ವೈದ್ಯರು 1959ರ ಮೇ ತಿಂಗಳಲ್ಲಿ ಕೆಲವು ಗೆಳೆಯರನ್ನೂ ಮಕ್ಕಳನ್ನೂ ಕರೆದುಕೊಂಡು ಸುಮ್ಮನೆ ನೀರಿಗಿಳಿದರು. ಪೊಲೀಸರು ಎಬ್ಬಿಸಿ ಕಳಿಸಿದರು. ಮರುವರ್ಷ ಏಪ್ರಿಲ್ 24ರಂದು ನೂರಕ್ಕೂ ಹೆಚ್ಚು ಜನ ಇಳಿದಾಗ ಬಿಳಿಯರ ಗುಂಪು ಸರಪಳಿ, ದೊಣ್ಣೆಗಳಿಂದ ಹೊಡೆಯಿತು. ಸಾರ್ವಜನಿಕರ ಹಣದಿಂದ ಮರಳು ತುಂಬಿ ಕಟ್ಟಿದ ಆ 26 ಮೈಲಿಯ ಬೀಚು ಎಲ್ಲರದೂ ಹೌದು ಎಂಬ ತೀರ್ಪು ಬರಲು 1968ರವರೆಗೆ ಕಾಯಬೇಕಾಯಿತು. ಫ್ಲಾರಿಡಾದ ಸೇಂಟ್ ಆಗಸ್ಟೀನಿನಲ್ಲಿ 1964ರ ಜೂನ್ 18ರಂದು ಹೋಟೆಲಿನ ಈಜುಕೊಳಕ್ಕೆ ಇಳಿದ ಪ್ರತಿಭಟನಕಾರರ ಸುತ್ತ ಮಾಲೀಕನೇ ಆಮ್ಲ ಸುರಿದ. ಅದರ ಚಿತ್ರ ಪತ್ರಿಕೆಗಳಲ್ಲಿ ಬಂತು. ಮಾರನೆಯ ದಿನ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಯನ್ನು ಅಂಗೀಕರಿಸಿತು, ಜುಲೈ 2ರಂದು ಅದು ಕಾನೂನಾಯಿತು. ಕುಡಿಯುವ ಅಗತ್ಯಕ್ಕಿಂತ ಮುಟ್ಟುವ ಹಕ್ಕಿಗಾಗಿ ನೀರಿಗಿಳಿಯುವುದೆಂದರೆ ಏನೆಂದು 1927ರಲ್ಲಿ ಮಹಾಡದ ಚೌದಾರ್ ಕೆರೆಯಲ್ಲಿ ಅಂಬೇಡ್ಕರ್ ಅವರು ತೋರಿಸಿದ್ದನ್ನು ಬಲ್ಲವರಿಗೆ ಇದು ದೂರದ ಕಥೆಯಲ್ಲ. ನಮ್ಮವರು ಈ ದೇಶಕ್ಕೆ ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ, ಅಂದರೆ ಬಾಗಿಲು ತೆರೆದ ಮರುವರ್ಷ. ತೆರೆದವರು ಯಾರೆಂದು ನಮಗೆ ಗೊತ್ತಿಲ್ಲದಿರುವುದಕ್ಕೆ ಅದೂ ಒಂದು ಕಾರಣ.

ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. ಅಟ್ಲಾಂಟಿಕ್ ಬೀಚಿನಲ್ಲಿ 1980ರಿಂದ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದಲ್ಲಿ ಕಪ್ಪು ವರ್ಣೀಯರ ಬೈಕ್ ಮೇಳ ನಡೆಯುತ್ತದೆ. ಅದೇ ಮೇ ತಿಂಗಳಲ್ಲಿ, ಸ್ವಲ್ಪ ಮೊದಲು, ಬಹುಪಾಲು ಬಿಳಿಯರೇ ಬರುವ ಹಾರ್ಲಿ ಬೈಕುಗಳ ವಾರವೂ ಇತ್ತು. ಹಾರ್ಲಿಯವರು ಬಂದಾಗ ಸಂಚಾರ ಎಂದಿನಂತೆ. ಕಪ್ಪು ಸವಾರರು ಬಂದಾಗ ಮುಖ್ಯಬೀದಿ ಏಕಮುಖ, ಎಲ್ಲೆಡೆ ಪೊಲೀಸರು, ಹಲವು ಊಟದ ಮನೆಗಳ ಕದ ಮುಚ್ಚಿದ್ದು. ಈ ವ್ಯತ್ಯಾಸವನ್ನು ಹಿಡಿದು, ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಯಾದ ಎನ್‌ಎಎಸಿಪಿ 2003ರಲ್ಲಿ ನಗರಾಡಳಿತದ ಮೇಲೂ ಕೆಲವು ವ್ಯಾಪಾರಿಗಳ ಮೇಲೂ ದಾವೆ ಹೂಡಿತು. ನಗರದೊಂದಿಗೆ 2006ರಲ್ಲಿ ರಾಜಿಯಾಯಿತು. 2014ರ ಮೇಳದ ವಾರಾಂತ್ಯದಲ್ಲಿ ಗುಂಡಿನ ದಾಳಿಗೆ ಮೂವರು ಸತ್ತ ಮೇಲೆ ನಗರವು ವಾಹನಗಳನ್ನೆಲ್ಲ 23 ಮೈಲಿ ಸುತ್ತಿಸುವ ವ್ಯವಸ್ಥೆ ತಂದಿತು. 2018ರಲ್ಲಿ ಮತ್ತೆ ದಾವೆ. 2020ರಲ್ಲಿ ತೀರ್ಪುಗಾರರು, ಆ ನಿರ್ಧಾರದಲ್ಲಿ ವರ್ಣದ ಭಾವನೆ ಕೆಲಸ ಮಾಡಿತ್ತು ಎಂದು ಒಪ್ಪಿಕೊಂಡೂ, ಅದಿಲ್ಲದಿದ್ದರೂ ನಗರ ಹಾಗೆಯೇ ಮಾಡುತ್ತಿತ್ತು ಎಂದರು. ನಗರ ಗೆದ್ದಿತು. ಎರಡೂ ಕಡೆಯವರು ತಾವು ಹೇಳಿದ್ದೇ ನಿಜವಾಯಿತು ಎಂದುಕೊಂಡು ಮನೆಗೆ ಹೋಗಬಹುದಾದ ಇಂಥ ತೀರ್ಪು ಅಪರೂಪ.

ಹಾಗಾದರೆ ನಿಮ್ಮ ಸಂಘದವರಿಗೆ ಇದರ ಬಿಸಿ ಏಕೆ ತಟ್ಟಲಿಲ್ಲ? ನಾವು ಅಲ್ಲಿಗೆ ಹೋಗುವುದು ಸಂಸಾರಗಳಾಗಿ, ಜುಲೈಯಲ್ಲಿ, ಕ್ರೆಡಿಟ್ ಕಾರ್ಡ್ ಹಿಡಿದು. ಕಡಲ ಬದಿಯ ಎಷ್ಟೋ ಮೋಟೆಲುಗಳ ಕೌಂಟರಿನಲ್ಲಿ ಗುಜರಾತಿನವರೇ ಇರುತ್ತಾರೆ. ಅಟ್ಲಾಂಟಾದಲ್ಲಿ 1989ರಲ್ಲಿ ಹುಟ್ಟಿದ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘದ ಲೆಕ್ಕದಲ್ಲಿ ಅಮೆರಿಕದ ಅರ್ಧಕ್ಕೂ ಹೆಚ್ಚು ಹೋಟೆಲುಗಳು ಅದರ ಸದಸ್ಯರ ಕೈಯಲ್ಲಿವೆ. ಬೇಸಿಗೆಯಲ್ಲಿ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ನಿಂತಿರುವವರು ಪೂರ್ವ ಯೂರೋಪಿನಿಂದಲೋ ಕೆರಿಬಿಯನ್ನಿನಿಂದಲೋ ತಾತ್ಕಾಲಿಕ ವೀಸಾದಲ್ಲಿ ಬಂದ ವಿದ್ಯಾರ್ಥಿಗಳು. ಅವರಿಗೆ ನಿಮ್ಮ ಊರೂ ಒಂದೇ, ಓಹಾಯೋದವರ ಊರೂ ಒಂದೇ. ವ್ಯಾಪಾರದ ಮಟ್ಟದಲ್ಲಿ ಸ್ವಾಗತ ನಿಜವಾದದ್ದೇ. ಆ ಗುಜರಾತಿಗಳಿಗೂ ಅದು ಪುಕ್ಕಟೆಯಾಗಿ ಸಿಗಲಿಲ್ಲ: ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅವರಿಗೆ ವಿಮೆ ಕೊಡಲು ಕಂಪನಿಗಳು ಹಿಂಜರಿಯುತ್ತಿದ್ದವು, ಎದುರಿನ ಮೋಟೆಲಿನವನು ‘ಅಮೆರಿಕನ್ನರ ಒಡೆತನ’ ಎಂದು ಬೋರ್ಡು ಹಾಕುತ್ತಿದ್ದ.

ಆದರೆ ಸ್ವಾಗತವು ಕೌಂಟರಿನಲ್ಲಿ ಮುಗಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಇಳಿದಿದ್ದ ವಸತಿಯೊಂದರ ಈಜುಕೊಳದ ಬಳಿ ಕಾವಲಿನವನು ನನ್ನ ಮಕ್ಕಳ ಮಣಿಕಟ್ಟಿನ ಪಟ್ಟಿಯನ್ನು ನೋಡಬೇಕೆಂದ. ತೋರಿಸಿದೆವು. ಹತ್ತು ನಿಮಿಷದ ನಂತರ ಬಂದು ಮತ್ತೆ ಕೇಳಿದ. ಪಕ್ಕದಲ್ಲಿದ್ದ ಬಿಳಿಯ ಕುಟುಂಬದ ಯಜಮಾನ ತನ್ನ ಖಾಲಿ ಕೈಯನ್ನು ಎತ್ತಿ ತೋರಿಸಿ, “ನನ್ನದು ರೂಮಿನಲ್ಲೇ ಉಳಿದಿದೆ, ನನ್ನನ್ನು ಯಾಕೆ ಕೇಳಲಿಲ್ಲ?” ಎಂದು ಅವನನ್ನೇ ಕೇಳಿದ. ಕಾವಲಿನವನು ನಗಲು ಪ್ರಯತ್ನಿಸಿ ಹೊರಟುಹೋದ. ಅವಮಾನ ಮಾಡಿದವನೂ ಜೊತೆಗೆ ನಿಂತವನೂ ಅದೇ ಊರಿನ ಅದೇ ಈಜುಕೊಳದ ಬದಿಯಲ್ಲಿದ್ದರು. ನಿಮಗೆ ಏನಾದರೂ ಆದರೆ ಬಹುಶಃ ಇಷ್ಟೇ ಆಗುತ್ತದೆ. ಇಷ್ಟಾದರೂ ಮಕ್ಕಳು ಅದನ್ನು ಮರೆಯುವುದಿಲ್ಲ.

ಇದಕ್ಕೆ ವಿರುದ್ಧವಾದ ಎಡವಟ್ಟೂ ಉಂಟು, ಮತ್ತು ನಮ್ಮವರಲ್ಲಿ ಅದೇ ಹೆಚ್ಚು. ಮರ್ಟಲ್ ಬೀಚಿನಲ್ಲಿ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ಮರಳಿನ ಮೇಲೆ ಡೇರೆ ಕಟ್ಟುವಂತಿಲ್ಲ. ದುಂಡನೆಯ ಕೊಡೆಗೆ ಮಾತ್ರ ಅವಕಾಶ. ಗಾಜಿನ ಬಾಟಲಿ ತರುವಂತಿಲ್ಲ, ಮದ್ಯವಂತೂ ಕೂಡದು. ನಮ್ಮವರು ಹದಿನೈದು ಜನ ಒಟ್ಟಾಗಿ ಹೋಗಿ, ನಾಲ್ಕು ಕಂಬದ ಡೇರೆ ನೆಟ್ಟು, ಪುಳಿಯೋಗರೆಯ ಡಬ್ಬಿ ಬಿಚ್ಚುವಷ್ಟರಲ್ಲಿ ಜೀವರಕ್ಷಕ ಹುಡುಗ ಬಂದು ಡೇರೆ ತೆಗೆಯಿರಿ ಎನ್ನುತ್ತಾನೆ. “ನಮ್ಮನ್ನು ನೋಡಿಯೇ ಹೇಳಿದ” ಎಂಬ ಮಾತು ಅಲ್ಲಿಂದ ಸಂಘದ ಯುಗಾದಿ ಊಟದವರೆಗೂ ಓಡುತ್ತದೆ. ಅವನು ಎಲ್ಲರಿಗೂ ಹೇಳುತ್ತಾನೆ. ನಿಯಮ ಬೀಚಿನ ಪ್ರವೇಶದ ಫಲಕದ ಮೇಲೇ ಇರುತ್ತದೆ. ನಿಯಮ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಅದು ಪಕ್ಕದವರಿಗೂ ಅನ್ವಯಿಸುತ್ತಿದೆಯೇ ಎಂದು ನೋಡಿ. ಭೇದವಿದ್ದರೆ ಕಾಣುವುದು ಎರಡನೆಯ ನೋಟದಲ್ಲಿ. ಮೋಟಾರು ಸೈಕಲ್ಲಿನವರ ಮೊಕದ್ದಮೆಯೂ ನಿಂತದ್ದು ಅದರ ಮೇಲೆಯೇ.

ಅತ್ತೆಯವರ ಸೀರೆಯ ಬಗ್ಗೆ ನನಗೆ ಚಿಂತೆಯಿಲ್ಲ. ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ನೊರೆಯಲ್ಲಿ ನಿಂತ ಅಜ್ಜಿಯನ್ನು ಕಂಡು ಅಲ್ಲಿನ ಹೆಂಗಸರು ಬಟ್ಟೆಯ ಬಣ್ಣ ಹೊಗಳುತ್ತಾರೆ. ದಕ್ಷಿಣದವರು ಅಪರಿಚಿತರನ್ನು ಮಾತಾಡಿಸುವುದರಲ್ಲಿ ನಮ್ಮ ಬಸ್ಸುಗಳ ಪ್ರಯಾಣಿಕರಿಗೆ ಕಡಿಮೆಯಿಲ್ಲ. ಅಲೆಯ ಸೆಳೆತಕ್ಕೆ ಒದ್ದೆ ಸೀರೆ ಕಾಲಿಗೆ ತೊಡರುತ್ತದೆ, ಅದಕ್ಕಾಗಿ ಜೊತೆಗೊಬ್ಬರು ಇರಿ. ಹಿಜಾಬ್ ಬೇರೆ ಮಾತು. ಮರಳಿನ ಮೇಲೆ ನಿಮ್ಮ ಗೆಳತಿಯ ಮೇಲೆ ನೆಡುವ ನೋಟ ನಿಮ್ಮ ಮೇಲಿನ ನೋಟಕ್ಕಿಂತ ತುಸು ಉದ್ದವಾಗಿರುತ್ತದೆ, ಅದನ್ನು ಮುಚ್ಚಿಟ್ಟು ಹೇಳುವುದು ಸ್ನೇಹವಾಗದು. ಈಜುಕೊಳಗಳಲ್ಲಿ ಹತ್ತಿಯ ಬಟ್ಟೆಯಲ್ಲಿ ಇಳಿಯಬಾರದೆಂಬ ನಿಯಮ ಸಾಮಾನ್ಯ. ಅವರು ಮೈ ಮುಚ್ಚುವ ಈಜುಡುಗೆ ತೊಟ್ಟರೆ ಅದು ಈಜಿನ ಬಟ್ಟೆಯದೇ ಆದ್ದರಿಂದ ಆ ನಿಯಮ ತಡೆಯಾಗುವುದಿಲ್ಲ. ಕಾಯ್ದಿರಿಸುವ ಮುನ್ನ ಆ ವಸತಿಯವರಿಂದ ಇದಕ್ಕೆ ಇಮೇಲಿನಲ್ಲಿ ಉತ್ತರ ಪಡೆದು ಫೋನಿನಲ್ಲಿ ಇಟ್ಟುಕೊಳ್ಳುವುದು ಜಾಣತನ. ಕಾವಲಿನವನ ಎದುರು ವಾದಕ್ಕಿಂತ ಅವನದೇ ಮ್ಯಾನೇಜರಿನ ಪತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ಕಾನೂನು ನಿಮ್ಮ ಪರವಾಗಿದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಎರಡನೆಯ ಅಧ್ಯಾಯವು ಹೋಟೆಲು, ಊಟದ ಮನೆ, ಮನರಂಜನೆಯ ಜಾಗಗಳಲ್ಲಿ ವರ್ಣ, ಧರ್ಮ, ಮೂಲದೇಶಗಳ ಆಧಾರದ ಭೇದವನ್ನು ನಿಷೇಧಿಸುತ್ತದೆ. ಮಾಲೀಕರೇ ವಾಸಿಸುವ, ಐದು ಅಥವಾ ಅದಕ್ಕಿಂತ ಕಡಿಮೆ ಕೋಣೆಗಳ ಮನೆಗೆ ಅದರಲ್ಲಿ ವಿನಾಯಿತಿಯಿದೆ. ದೂರು ಕೊಡಬೇಕಾಗಿ ಬಂದರೆ ಕೊಲಂಬಿಯಾದಲ್ಲಿ ರಾಜ್ಯದ ಮಾನವ ವ್ಯವಹಾರಗಳ ಆಯೋಗವಿದೆ. ಮನೆ ಬಾಡಿಗೆಯ ಆ್ಯಪುಗಳ ವಿಷಯದಲ್ಲಿ, ಕಪ್ಪು ವರ್ಣೀಯರದೆನಿಸುವ ಹೆಸರಿನ ಅತಿಥಿಗಳಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ. 16ರಷ್ಟು ಕಡಿಮೆ ಎಂದು ಹಾರ್ವರ್ಡಿನ ಸಂಶೋಧಕರು ತೋರಿಸಿದ ಮೇಲೆ, ಏರ್‌ಬಿಎನ್‌ಬಿ 2018ರಲ್ಲಿ ಕಾಯ್ದಿರಿಸುವಿಕೆ ಖಚಿತವಾಗುವವರೆಗೆ ಅತಿಥಿಯ ಚಿತ್ರವನ್ನು ಮರೆಮಾಡತೊಡಗಿತು. ಹೆಸರು ಮಾತ್ರ ಕಾಣುತ್ತದೆ. ಆದ್ದರಿಂದ ಮಾಲೀಕನ ಒಪ್ಪಿಗೆಗೆ ಕಾಯಬೇಕಿಲ್ಲದ ಮನೆಗಳನ್ನೇ ನಾನು ಆರಿಸುತ್ತೇನೆ.

ಹಗಲಿನಲ್ಲಿ ಪ್ರಯಾಣ ಮಾಡಿ. ಹಾಗೆ ಹೇಳುವಾಗ ಹೆದರಿಸುವ ಉದ್ದೇಶವಿಲ್ಲ. ಮಕ್ಕಳೂ ಹಿರಿಯರೂ ಇರುವಾಗ ಮೂರೂವರೆ ಗಂಟೆಯ ದಾರಿಗೆ ಬೆಳಕು ಒಳ್ಳೆಯದು, ಜೊತೆಗೆ ದಾರಿಯಲ್ಲಿ ನೋಡಲು ಸಿಗುವುದೂ ಬೇರೆಯೇ. ಲಂಬರ್ಟನ್ ಇರುವ ರಾಬ್ಸನ್ ಕೌಂಟಿಯಲ್ಲಿ 1958ರ ಜನವರಿಯ ಒಂದು ರಾತ್ರಿ, ಸಭೆ ನಡೆಸಲು ಬಂದ ಕ್ಲಾನಿನವರನ್ನು ಲಂಬಿ ಬುಡಕಟ್ಟಿನ ಜನ ದೀಪ ಒಡೆದು, ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸಿದರು. ರಾಜ್ಯದ ಗಡಿಯ ಮೇಲಿನ ಟೇಬರ್ ಸಿಟಿಯ ವಾರಪತ್ರಿಕೆ, ಚಾರ್ಲಿಯ ಮೇಲೆ ದಾಳಿ ಮಾಡಿದ ಅದೇ ಕ್ಲಾನಿನ ವಿರುದ್ಧ ವರ್ಷಗಟ್ಟಲೆ ಬರೆದು, ನೆರೆಯ ವೈಟ್‌ವಿಲ್‌ನ ಪತ್ರಿಕೆಯೊಂದಿಗೆ 1953ರ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದರ ಸಂಪಾದಕ ಡಬ್ಲ್ಯೂ. ಹೊರೇಸ್ ಕಾರ್ಟರ್ ಬಿಳಿಯ ದಕ್ಷಿಣದವರೇ. ಇನ್ನೊಂದು ಮುಖವೂ ದಾರಿಯಲ್ಲೇ ಇದೆ: ಕಾನ್ವೇ ಬಳಿ 2023ರ ಥ್ಯಾಂಕ್ಸ್‌ಗಿವಿಂಗ್ ಸಮಯದಲ್ಲಿ ಬಿಳಿಯ ಗಂಡು ಹೆಣ್ಣಿಬ್ಬರು ಕಪ್ಪು ವರ್ಣದ ನೆರೆಯವರ ಮನೆಗೆ ಎದುರಾಗಿ ಕ್ಲಾನಿನ ಹಳೆಯ ಬೆದರಿಕೆಯ ರೀತಿಯಲ್ಲಿ ಶಿಲುಬೆ ಸುಟ್ಟು ಬಂಧಿತರಾದರು. ಆಗ ದ್ವೇಷಾಪರಾಧಕ್ಕೆಂದೇ ರಾಜ್ಯಮಟ್ಟದ ಕಾನೂನಿಲ್ಲದ ಎರಡು ರಾಜ್ಯಗಳಲ್ಲಿ ಸೌತ್ ಕೆರೊಲೈನಾ ಒಂದಾಗಿತ್ತು. ಅದೇ ರಾಜ್ಯದ ರಾಜ್ಯಪಾಲೆಯಾಗಿದ್ದ, ಪಂಜಾಬಿನಿಂದ ಬಂದ ಸಿಖ್ ದಂಪತಿಗಳ ಮಗಳು ನಿಕ್ಕಿ ಹೇಲಿ, ಚಾರ್ಲ್ಸ್‌ಟನ್ ನಗರದ ಕಪ್ಪು ವರ್ಣೀಯರ ಚರ್ಚಿನಲ್ಲಿ ನಡೆದ ಹತ್ಯೆಗಳ ನಂತರ 2015ರ ಜುಲೈಯಲ್ಲಿ ಶಾಸನಸಭೆಯ ಅಂಗಳದಿಂದ ಗುಲಾಮಗಿರಿಯ ಪರವಾಗಿ ಅಂತರ್ಯುದ್ಧ ಹೂಡಿದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ಇಳಿಸುವ ಮಸೂದೆಗೆ ಸಹಿ ಹಾಕಿದರು. ಆ ಬಾವುಟ ಅಂಗಳದಿಂದ ಇಳಿದರೂ ದಾರಿಬದಿಯ ಮನೆಗಳ ಮುಂದೆ, ಟ್ರಕ್ಕುಗಳ ಹಿಂದೆ ನಿಮಗೆ ಕಾಣಿಸುತ್ತದೆ. ಮಕ್ಕಳು ಕೇಳಿದರೆ ಅದೇನೆಂದು ಹೇಳಿ, ಮಾತು ತಿರುಗಿಸಬೇಡಿ.

ಊಟದ ವಿಷಯ ಚಿಕ್ಕದು, ಆದರೆ ಮಾವನವರಿಗೆ ದೊಡ್ಡದು. ಅಲ್ಲಿನ ಹೆಮ್ಮೆ ಕ್ಯಾಲಬ್ಯಾಶ್ ಶೈಲಿಯ ಕರಿದ ಮೀನು ಸಿಗಡಿ, ಭಟ್ಕಳದವರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಮಾತ್ರ ಬಲೆಗಳಿವೆ: ಸೊಪ್ಪಿನ ಪಲ್ಯ, ಹುರುಳಿಕಾಯಿ ಎರಡನ್ನೂ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದು ವಾಡಿಕೆ, ಗೆಳತಿಯ ಮನೆಯವರೂ ಇದನ್ನು ಕೇಳಿಯೇ ತಿನ್ನಬೇಕು. ಗ್ರಿಟ್ಸ್ ಎಂಬುದು ಮೆಕ್ಕೆಜೋಳದ ನುಚ್ಚಿನ ಗಂಜಿ. ಒಂದು ಚಮಚ ಉಪ್ಪಿನಕಾಯಿ ಜೊತೆಗಿದ್ದರೆ ಮಾವನವರು ಅದನ್ನು ಬೇಡ ಎನ್ನಲಾರರು. ಅಡುಗೆಮನೆಯಿರುವ ಕೋಣೆ ಹಿಡಿದು, ರವೆ ಅವಲಕ್ಕಿ ಒಯ್ಯಿರಿ.

ಬೇರೆ ಬೀಚುಗಳಿಗೆ ಹೋಗಬೇಕೆ ಎಂದೂ ನೀವು ಯೋಚಿಸುತ್ತಿರಬಹುದು. ನಾರ್ತ್ ಕೆರೊಲೈನಾದ ಔಟರ್ ಬ್ಯಾಂಕ್ಸ್ ನಿಶ್ಶಬ್ದ, ಸುಂದರ, ಮತ್ತು ಬಹುಮಟ್ಟಿಗೆ ಬಿಳಿಯರದು. ಸೌತ್ ಕೆರೊಲೈನಾದ ಹಿಲ್ಟನ್ ಹೆಡ್ ದ್ವೀಪದಲ್ಲಿ ಯಾರೂ ಏನೂ ಅನ್ನುವುದಿಲ್ಲ. 1956ರಲ್ಲಿ ಸೇತುವೆ ಬಂದ ನಂತರ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶಜರಾದ ಗಲ್ಲಾ ಜನರ ನೆಲದ ಬಹುಭಾಗವು ಖಾಸಗಿ ಬಡಾವಣೆಗಳ ಗೇಟುಗಳ ಹಿಂದೆ ಹೋಗಿರುವುದರಿಂದ ಅಲ್ಲಿ ಮಾತಿಗಿಂತ ಗೇಟೇ ಹೆಚ್ಚು ಹೇಳುತ್ತದೆ. ಹತ್ತು ಭಾಷೆಗಳು ಒಟ್ಟಿಗೆ ಕೇಳಿಸುವ, ಬಡವರೂ ಬರಬಲ್ಲ ಬೀಚು ಇವುಗಳಲ್ಲಿ ಮರ್ಟಲ್ ಬೀಚ್ ಎಂಬುದು ನನ್ನ ಅಭಿಪ್ರಾಯ.

ನಾಲ್ಕು ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಅಟ್ಲಾಂಟಿಕ್ ಬೀಚಿಗೆ ಇಟ್ಟುಕೊಳ್ಳಿ. 1968ರಲ್ಲಿ ಸುತ್ತಲಿನ ನಾಲ್ಕು ಬೀಚೂರುಗಳು ಸೇರಿ ನಾರ್ತ್ ಮರ್ಟಲ್ ಬೀಚ್ ಆದಾಗ ಅದು ಸೇರಲಿಲ್ಲ; ಇಂದಿಗೂ ಬೇರೆಯೇ ಪುರಸಭೆ. ಕಾರಿನಲ್ಲಿ ಹೋದರೆ ಕಡಲ ಬದಿಯ ರಸ್ತೆ ಅದರ ಅಂಚಿಗೆ ಬಂದು ನಿಂತುಬಿಡುತ್ತದೆ. ನೀವು ಹೆದ್ದಾರಿ 17ಕ್ಕೆ ಹಿಂತಿರುಗಿ, ಸುತ್ತು ಹಾಕಿ, ಮತ್ತೊಂದು ಬೀದಿಯಿಂದ ಒಳಗೆ ಬರಬೇಕು. ಹಾಗೆ ಮಾಡಬೇಡಿ. ಆ ನಾಲ್ಕರಲ್ಲಿ ಒಂದಾದ, ಉತ್ತರಕ್ಕಿರುವ ಕ್ರೆಸೆಂಟ್ ಬೀಚಿನಲ್ಲಿ ಕಾರು ನಿಲ್ಲಿಸಿ, ಇಳಿತದ ಸಮಯ ನೋಡಿಕೊಂಡು, ಗಟ್ಟಿಯಾದ ಒದ್ದೆ ಮರಳಿನ ಮೇಲೆ ದಕ್ಷಿಣಕ್ಕೆ ನಡೆಯಿರಿ. ಬಲಗಡೆಯ ಎತ್ತರದ ಕಟ್ಟಡಗಳ ಸಾಲು ಒಮ್ಮೆಗೇ ಮುಗಿದು, ತಗ್ಗಿನ ಮನೆಗಳೂ ಖಾಲಿ ನಿವೇಶನಗಳೂ ಕಾಣತೊಡಗಿದರೆ ನೀವು ಬಂದಿರಿ ಎಂದರ್ಥ. ನಾಲ್ಕು ಬೀದಿಯಷ್ಟು ದೂರ ನಡೆದರೆ ಆ ನಾಲ್ಕರಲ್ಲಿ ಇನ್ನೊಂದಾದ ವಿಂಡಿ ಹಿಲ್, ಮತ್ತೆ ಎತ್ತರದ ಕಟ್ಟಡಗಳು. ಹಗ್ಗ ಇದ್ದ ಜಾಗ ಎಡಗಡೆ ನೀರಿನಲ್ಲಿದೆ, ಗುರುತಿಲ್ಲ. ಮಕ್ಕಳು ಅಲ್ಲಿ ನೀರಾಟ ಆಡಲಿ.